ಬಸಪ್ಪಕಾಕಾ ಕುಡಿದ ಶರಬತ್ತು

ಮೊನ್ನೆ ದುಬೈನಿಂದ ಅಲ್ ಐನ್‌ಗೆ ಹೋಗಿದ್ದಾಗ ಆಲಿಕಲ್ಲು ಸುರಿಯಿತು. ಮಗಳು ಅದನ್ನು ಆರಿಸಿ ಜ್ಯೂಸಿಗೆ ಹಾಕಿಕೊಂಡು, "ಅಪ್ಪಾ, ಫ್ರೀ ಐಸ್" ಎಂದಳು. ನನಗೆ ಕಾಶವ್ವಜ್ಜಿ ನೆನಪಾದಳು.

ವಿಜಯಪುರದ ಕಡೆಯ ನಮ್ಮೂರಲ್ಲಿ ಅಂಥದೇ ಮಳೆ ನಿಂತಾಗ, ನಾವು ಮಕ್ಕಳು ಆಲಿಕಲ್ಲು ಹಾಕಿ ನಿಂಬೆ ಶರಬತ್ತು ಮಾಡಿದೆವು. ಪಕ್ಕದ ಮನೆಯ ಬಸಪ್ಪಕಾಕಾಗೂ ಒಂದು ಲೋಟ ಕೊಟ್ಟೆವು. ಅವರು ಪೂರ್ತಿ ಕುಡಿದು, "ಚಲೋ ಆಗೇತ್ರೋ" ಎಂದು ಲೋಟ ಮರಳಿಸಿದರು.

ಮನೆಗೆ ಬಂದರೆ ಅಜ್ಜಿ ಕೇಳಿದಳು: "ಅವನ ದ್ರಾಕ್ಷಿ ತ್ವಾಟ ಪೂರಾ ನೆಲಾ ಹಿಡದೈತಿ. ಅದನ್ನ ಕೆಡವಿದ ಆಲಿಕಲ್ಲನ್ನ ಅವಗೇ ಕುಡಿಸಿ ಬಂದ್ರೇನು?"

ಮರುದಿನ ಬೆಳಿಗ್ಗೆ ಯಾರೂ ಕರೆಯದೆಯೇ ಅವರ ತೋಟಕ್ಕೆ ಹೋಗಿ, ಉದುರಿದ ದ್ರಾಕ್ಷಿಯನ್ನು ಬುಟ್ಟಿಗಳಿಗೆ ತುಂಬಿದೆವು. ಒಬ್ಬರೂ ಒಂದು ಹಣ್ಣನ್ನು ಬಾಯಿಗೆ ಹಾಕಲಿಲ್ಲ.