ಕೆರೆ ಸುತ್ತಿ ಹೋಗುವ ಬಸ್ಸು, ನೇರ ಬರುವ ವಿಮಾನ

ವಿಮಾನ ನಿಲ್ದಾಣದ ಬಸ್ಸು ಓಡಿಸುವ ಚಾಲಕನಿಗೆ ದೂರವೆಂದರೆ ಬಸ್ಸಿನ ದೂರವೇ. ಕೆರೆ ಸುತ್ತಿಕೊಂಡು, ಗೋದಾಮುಗಳ ಬೀದಿ ಹಾದು ಅವನ ಮನೆಯಿಂದ ನಿಲ್ದಾಣ ಮುಟ್ಟಲು ಒಂದು ಗಂಟೆ ಹಿಡಿಯುತ್ತಿತ್ತು. ಹಾಗಾಗಿ ಮಗಳು ಕೊಡಿಸಿದ ಪುಟ್ಟ ಡ್ರೋನನ್ನು ಧೈರ್ಯವಾಗಿ ತಾರಸಿಯಿಂದಲೇ ಹಾರಿಸುತ್ತಿದ್ದ. ವಿಮಾನ ನಿಲ್ದಾಣ ಹತ್ತಿರವಿದೆ, ಹಾರಿಸಬೇಡಿ ಎಂದು ಮೊಬೈಲಿನ ಆಪ್ ಕೆಂಪಗೆ ಎಚ್ಚರಿಸಿದರೆ, "ದಿನಾ ಓಡಾಡೋನು ನಾನು, ಇದಕ್ಕೇನು ಗೊತ್ತು!" ಎಂದು ಬೆರಳಲ್ಲಿ ತಳ್ಳಿಬಿಡುತ್ತಿದ್ದ. ಹಟದಲ್ಲಿ ಅವನನ್ನು ಮೀರಿಸುವವರು ಇಡೀ ಡಿಪೋದಲ್ಲಿ ಇರಲಿಲ್ಲ.

ಒಂದು ಮಧ್ಯಾಹ್ನ ಹಾಗೆ ಹಾರಿಸಿ ಪಾಳಿಗೆ ಬಂದ. ನಿಲ್ದಾಣದಲ್ಲಿ ಬಸ್ಸು ಹತ್ತಿದವರ ಮುಖ ಬಿಳಿಚಿತ್ತು. ಮಗುವನ್ನು ಅವಚಿಕೊಂಡ ಹೆಂಗಸೊಬ್ಬಳು, "ಇನ್ನೇನು ನೆಲ ಮುಟ್ಟಬೇಕು, ವಿಮಾನ ಮತ್ತೆ ಮೇಲೆದ್ದುಬಿಡ್ತು. ಜೀವ ಬಾಯಿಗೆ ಬಂದಿತ್ತು," ಎಂದಳು.

"ಯಾರೋ ಡ್ರೋನ್ ಬಿಟ್ಟಿದ್ರಂತೆ," ಎಂದಿತು ಹಿಂದಿನ ಸೀಟು.

ಅದು ತನ್ನ ಡ್ರೋನೇ ಇರಬೇಕೆಂದುಕೊಂಡ ಚಾಲಕ. ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ಬಾಯಿ ಬಿಡಿಸಿ ವಿಷಯ ತಿಳಿದ ಹೆಂಡತಿ, "ಕೂತು ಕೊರಗಿದ್ರೆ ಏನು ಬಂತು? ಹೋಗಿ ಹೇಳಿಬಿಡಿ," ಎಂದಳು.

ಮರುದಿನ ಡ್ರೋನನ್ನು ಕೈಚೀಲದಲ್ಲಿಟ್ಟುಕೊಂಡು ನಿಲ್ದಾಣದ ಕಚೇರಿಗೆ ಹೋದ. ಕೆಲಸ ಹೋದೀತೆಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಮಗುವಿನ ಮುಖ ಕಾಡುತ್ತಿತ್ತು. ಮಗಳ ವಯಸ್ಸಿನ ಅಧಿಕಾರಿ ಎಲ್ಲವನ್ನೂ ಕೇಳಿ, ಪರದೆಯ ಮೇಲೆ ನಕ್ಷೆ ತೆರೆದು, ಅವನ ಮನೆಯಿಂದ ಕೆರೆಯ ಮೇಲೆ ಹಾಯ್ದು ಒಂದು ಗೆರೆ ಎಳೆದಳು. ಗೆರೆ ಬಲು ಗಿಡ್ಡವಾಗಿತ್ತು.

"ವಿಮಾನ ಕೆರೆ ಸುತ್ಕೊಂಡು ಬರಲ್ಲ, ಯಜಮಾನ್ರೇ. ನಿಮ್ಮ ತಾರಸಿ ಇರೋದು ನಿಯಂತ್ರಿತ ವಾಯುಪ್ರದೇಶದೊಳಗೆ. ಇಲ್ಲಿ ಅದು ನೆಲದಿಂದಲೇ ಶುರು. ಎಷ್ಟೇ ಕೆಳಗೆ ಹಾರಿಸಿದ್ರೂ ಮೊದಲು ಅನುಮತಿ ತಗೋಬೇಕು."

"ಹಾಗಾದ್ರೆ ನಿನ್ನೆ ಆಗಿದ್ದು... ನನ್ನಿಂದಾನಾ?"

"ಅಲ್ಲ. ರನ್‌ವೇಗೆ ನಾಯಿ ನುಗ್ಗಿತ್ತು. ಡ್ರೋನಿನ ಕತೆ ಯಾರೋ ಕಟ್ಟಿದ್ದು. ತಪ್ಪು ಮಾತ್ರ ತಪ್ಪೇ, ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತೀನಿ."

ಹೋದ ಜೀವ ಬಂದಂತಾಯಿತು. ಅಷ್ಟು ದೊಡ್ಡ ಆಳು ಅಲ್ಲೇ ಕುರ್ಚಿಯಲ್ಲಿ ಕುಸಿದು, ಕಣ್ಣೊರೆಸಿಕೊಂಡು, ನೀರು ಕೇಳಿ ಕುಡಿದ. ಅಂದಿನ ಪಾಳಿಯಲ್ಲಿ ಬಸ್ಸು ಹತ್ತಿದವರಿಗೆಲ್ಲ, "ನಾಯಿಯಂತೆ ಕಣ್ರೀ, ನಾಯಿ!" ಎಂದು ಸಾರಿದ. ಯಾವ ನಾಯಿ ಎಂದು ಯಾರಿಗೂ ತಿಳಿಯಲಿಲ್ಲ.

ಈಗ ಅವನು ರಜೆಯ ದಿನ ನಕ್ಷೆ ನೋಡಿಕೊಂಡು, ಊರಾಚೆಯ ಹಸಿರು ಗುರುತಿನ ಬಯಲಿಗೆ ಹೆಂಡತಿಯೊಡನೆ ಹೋಗುತ್ತಾನೆ. ಎಲ್ಲೋ ಎತ್ತರದಲ್ಲಿ ವಿಮಾನದ ಸದ್ದಾದರೂ ಸಾಕು, ಡ್ರೋನನ್ನು ಇಳಿಸಿ ಕಾಯುತ್ತಾನೆ.

"ಇಲ್ಲಿ ಹಾರಿಸಬಹುದಲ್ಲ, ಯಾಕೆ ಇಳಿಸಿದ್ರಿ?" ಎನ್ನುತ್ತಾಳೆ ಹೆಂಡತಿ.

"ಇರಲಿ ಬಿಡೇ. ಇಳಿದ ಮೇಲೆ ಅವರೆಲ್ಲ ನನ್ನ ಬಸ್ಸೇ ಹತ್ತಬೇಕಲ್ಲ."