ಎದೆಯೊಳಗಿನ ಎರಡು ಸಪ್ಪಳ

“ನನ್ನ ಎದಿ ನಾನೂ ಒಂದ್ಸಲ ಕೇಳ್ಲೇನವ್ವಾ?” ಎಂದು ತಿಪ್ಪಮ್ಮಜ್ಜಿ ಸ್ಟೆತಸ್ಕೋಪಿಗೆ ಕೈ ಚಾಚಿದಾಗ ನನಗೆ ನಗು ಬಂತು. ಗುಡೇಕೋಟೆ ಕಡೆ ಕುರಿ ಕಾಯುವ ಅವರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಿ.ಪಿ. ತೋರಿಸಲು ಬಂದಿದ್ದರು. ನಾನು ಅಲ್ಲಿ ನರ್ಸ್. ಹೊರಗೆ ಜನ ಕಾಯುತ್ತಿದ್ದರು. ಆದರೂ ಸ್ಟೆತಸ್ಕೋಪನ್ನು ಅವರ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಎದೆಗೆ ಹಿಡಿದೆ.

ಅಜ್ಜಿ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. “ಹುಟ್ಟಿದಾಗಿಂದ ನನ್ನೊಳಗ ಐತಿ, ಇವತ್ತು ಇದರ ದನಿ ಕೇಳಿದೆ ನೋಡವ್ವಾ” ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, “ಒಂದೊಂದು ಬಡಿತಕ್ಕ ಎರಡೆರಡು ಸಪ್ಪಳ ಯಾಕ ಬರ್ತಾವ?” ಎಂದು ಕೇಳಿದರು.

ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಉತ್ತರ ಮರೆತುಹೋಗಿತ್ತು. ಏನೋ ಒಂದು ಹೇಳಿ ಕಳಿಸಬಹುದಿತ್ತು. ಅವರ ಮುಖ ನೋಡಿ ಮನಸ್ಸಾಗಲಿಲ್ಲ. “ಮರೆತು ಬಿಟ್ಟೀನಜ್ಜಿ, ಓದಿ ಹೇಳ್ತೀನಿ” ಎಂದೆ.

ಮುಂದಿನ ಸೋಮವಾರ ನಾನು ಬರುವ ಮೊದಲೇ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು. ಗುಳಿಗೆ ಬೇಕಿರಲಿಲ್ಲ, ಉತ್ತರ ಬೇಕಿತ್ತು. ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ಪುಟ್ಟ ಕದಗಳು ಹೃದಯದಲ್ಲಿವೆ, ಒಂದು ಬಡಿತದಲ್ಲಿ ಅವು ಎರಡು ಸರದಿಯಲ್ಲಿ ಮುಚ್ಚಿಕೊಳ್ಳುವ ಸದ್ದು ಅದು ಎಂದು ವಿವರಿಸಿದೆ. “ಕುರಿಗೂ ಹಂಗ ಇರ್ತಾವೇನು?” ಎಂದರು. ಇರುತ್ತವೆ ಎಂದೆ. “ಹಂಗಾದ್ರ ಇವತ್ತ ಕುರಿ ಎದಿಗೆ ಕಿವಿ ಹಚ್ಚಿ ಕೇಳೇ ಬಿಡ್ತೀನಿ” ಎಂದು ನಗುತ್ತಾ ಎದ್ದು ಹೊರಟರು.

ಕೆಲಸಕ್ಕೆ ಸೇರಿದ ಮೇಲೆ ನಾನು ನರ್ಸಿಂಗ್ ಪುಸ್ತಕ ತೆರೆದದ್ದು ಅಜ್ಜಿಯ ಆ ಪ್ರಶ್ನೆಗಾಗಿ, ಅದೇ ಮೊದಲ ಸಲ. ಈಗ ದಿನಾ ಒಂದೆರಡು ಪುಟ ಓದುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಮೊದಲಿನ ನಾಚಿಕೆಯೂ ಉಳಿದಿಲ್ಲ.