ಲಾರೂಸಿಯ ರಜೆಗೆ ಬಂದ ಜ್ವರ

"ಜ್ವರ ನನ್ನ ಬಾಗಿಲ ತನಕ ಬರುತ್ತೆ. ನನ್ನ ಮುಖ ನೋಡಿ, ವಿಳಾಸ ತಪ್ಪಿತು ಅಂತ ಪಕ್ಕದ ಮನೆಗೆ ಹೋಗುತ್ತೆ," ಅನ್ನುತ್ತಿದ್ದ ಲಾರೂಸಿ. ಮಹದಿಯಾ ಬಂದರಿನ ಮೀನಿನ ಕಾರ್ಖಾನೆಯಲ್ಲಿ ಡಬ್ಬಿಗೆ ಮುಚ್ಚಳ ಬಿಗಿಯುವ ಯಂತ್ರದ ಮುಂದೆ ಇಪ್ಪತ್ತೊಂಬತ್ತು ವರ್ಷ ನಿಂತವನು. ಅಷ್ಟು ವರ್ಷದಲ್ಲಿ ಒಮ್ಮೆ ಮಾತ್ರ ಸೀನು ಬಂದಿತ್ತಂತೆ. ಅದನ್ನೂ ಊಟದ ಗಂಟೆ ಹೊಡೆಯುವ ತನಕ ತಡೆದಿಟ್ಟುಕೊಂಡು, ಆಮೇಲೆ ಬಿಟ್ಟಾಗ ಮೂರು ದೋಣಿ ಹಗ್ಗ ಕಿತ್ತುಕೊಂಡು ಸಮುದ್ರಕ್ಕೆ ಹೋದವಂತೆ. ಕಾರ್ಖಾನೆಯವರು ಅರ್ಧ ನಂಬಿದ್ದರು.

ಹುಣ್ಣಿಮೆಯ ಆಸುಪಾಸಿನಲ್ಲಿ ಬೂತಾಯಿ ಮೀನು ದೋಣಿಯ ದೀಪಕ್ಕೆ ಮರುಳಾಗುವುದಿಲ್ಲ. ಮೀನು ಬಾರದ ಆ ದಿನಗಳಿಗೆ ಹೊಂದಿಸಿಯೇ ಕಾರ್ಖಾನೆ ವಾರ್ಷಿಕ ರಜೆ ಕೊಡುತ್ತದೆ. ಲಾರೂಸಿಗೆ ಹತ್ತು ದಿನ ಸಿಕ್ಕಿತು. ತೋಜರ್‌ನಲ್ಲಿರುವ ಅಕ್ಕ ಮಬ್ರೂಕಾಳ ಮನೆಗೆ ಹೊರಡಬೇಕು. ಅವನಿಗೆ ಇರುವವಳು ಅವಳೊಬ್ಬಳೇ, ಎಪ್ಪತ್ತೈದು ದಾಟಿದವಳು. ನೋಡಿ ಎರಡು ವರ್ಷವಾಗಿತ್ತು.

ಚೀಲ ಕಟ್ಟಿಟ್ಟ ಬೆಳಿಗ್ಗೆಯೇ ಜ್ವರಕ್ಕೆ ವಿಳಾಸ ಸರಿಯಾಗಿ ಸಿಕ್ಕಿತು. ಹಣೆಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಬೀದಿಯ ಡಾಕ್ಟರು ಎದೆಗೆ ಕಿವಿ ಕೊಟ್ಟು ಕೇಳಿ, "ಹತ್ತು ದಿನ ಹಾಸಿಗೆ ಬಿಟ್ಟು ಏಳಬೇಡ," ಎಂದು ಚೀಟಿ ಬರೆದರು.

ಅಕ್ಕನಿಗೆ ಫೋನು ಮಾಡಿದ.

"ಕಾಯಿಲೆನಾ? ನಿನಗಾ? ಬರೋಕೆ ಮನಸ್ಸಿಲ್ಲ ಅಂತ ನೆಟ್ಟಗೆ ಹೇಳೋ," ಅಂದಳು ಮಬ್ರೂಕಾ. ಫೋನು ಇಟ್ಟಳು.

ರಜೆಯಲ್ಲಿ ಕಾಯಿಲೆ ಬಿದ್ದರೆ ಆ ದಿನಗಳನ್ನು ರಜೆಯಿಂದ ಕಳೆಯುವಂತಿಲ್ಲ, ಆಮೇಲೆ ತೆಗೆದುಕೊಳ್ಳಬಹುದು ಎಂದು ಕಾರ್ಖಾನೆಯ ಕಾಯಿದೆ. ಆದರೆ ಡಾಕ್ಟರ ಚೀಟಿ ಎರಡು ದಿನದೊಳಗೆ ಆಫೀಸು ತಲುಪಬೇಕು. ಉಳಿದವರಿಗೆ ಹೆಂಡತಿಯೋ ಅಳಿಯನೋ ತಲುಪಿಸುತ್ತಾರೆ. ಲಾರೂಸಿಯ ಮನೆಯಲ್ಲಿ ಓಡಾಡುವ ಜೀವ ಎಂದರೆ ಒಂದು ಆಮೆ. ಅದರ ಬೆನ್ನಿಗೆ ಚೀಟಿ ಕಟ್ಟಿದ್ದರೆ ಅವನು ನಿವೃತ್ತಿಯಾಗುವ ಹೊತ್ತಿಗೆ ಗೇಟು ಮುಟ್ಟುತ್ತಿತ್ತೇನೋ.

ತಾನೇ ಹೊರಟ. ಗೋಡೆ ಹಿಡಿದು, ಕಂಬ ಹಿಡಿದು, ಅರ್ಧ ದಾರಿಯಲ್ಲಿ ಒಂದು ಕತ್ತೆಯನ್ನೂ ಹಿಡಿದು ಆಫೀಸು ಸೇರಿದ. ಹಾಜರಿ ನೋಡುವ ಸಾಲ್ಹಾ ಚೀಟಿಯನ್ನು ಎರಡು ಸಲ ಓದಿದಳು.

"ಲಾರೂಸಿ ಕಾಕಾ, ಕಾಯಿಲೆ ಚೀಟೀನ ಕಾಯಿಲೆಯವರೇ ನಡೆದು ತಂದು ಕೊಡೋದನ್ನ ನಾನು ನೋಡೇ ಇಲ್ಲ."

"ಕಳಿಸೋಕೆ ಯಾರೂ ಇಲ್ಲ, ಮಗಳೇ."

"ಇಪ್ಪತ್ತೊಂಬತ್ತು ವರ್ಷ ಕಾಯಿಲೆ ಬೀಳದೋರು ರಜೆ ಸಿಕ್ಕಿದ ದಿನವೇ ಬಿದ್ರಾ? ಮ್ಯಾನೇಜರು ನಗ್ತಾರೆ. ಅಕ್ಕನ ಮನೆಗೆ ಮುಂದಿನ ವರ್ಷ ಹೋದ್ರಾಯ್ತು."

"ಅವಳಿಗೆ ಎಪ್ಪತ್ತಾರು."

ಸಾಲ್ಹಾ ಚೀಟಿಗೆ ಮೊಹರು ಒತ್ತಿದಳು. "ತಪಾಸಣೆಗೆ ಕಂಪನಿ ಡಾಕ್ಟರನ್ನ ಕಳಿಸ್ತೀನಿ. ದಿನಾ ಹತ್ತರಿಂದ ಹನ್ನೆರಡು ಗಂಟೆ ತನಕ ಮನೇಲೇ ಇರಿ. ಬಂದಾಗ ನೀವಿಲ್ಲದಿದ್ರೆ ಹತ್ತು ದಿನವೂ ಹೋಯ್ತು."

ಅವನ ಮನೆಗೆ ಯಾರಾದರೂ ಬರುತ್ತೇನೆಂದು ಹೇಳಿ ಎಷ್ಟು ವರ್ಷವಾಗಿತ್ತೋ. ಜ್ವರದಲ್ಲೇ ನೆಲ ಒರೆಸಿದ. ಕಪಾಟಿನ ಹಿಂದಿನಿಂದ ಎರಡನೇ ಗ್ಲಾಸು ಹುಡುಕಿ ತೊಳೆದ. ಮೊದಲ ದಿನ ಯಾರೂ ಬರಲಿಲ್ಲ. ಇಬ್ಬರ ಚಹಾ ಒಬ್ಬನೇ ಕುಡಿದ. ಎರಡನೇ ದಿನವೂ ಹಾಗೇ. ಆಮೆ ಮಾತ್ರ ಒಂದು ಸಲ ಬಾಗಿಲ ತನಕ ಹೋಗಿ ನೋಡಿ ಬಂತು.

ಮೂರನೇ ದಿನ ಡಾಕ್ಟರು ಬಂದರು. ಎರಡು ಗ್ಲಾಸು ಕಂಡು ಹುಬ್ಬೇರಿಸಿದರು.

"ನೆಂಟರು ಬಂದಿದ್ದಾರಾ? ಹಾಗಾದ್ರೆ ಕಾಯಿಲೆ ಏನಿಲ್ಲ."

"ಆ ಗ್ಲಾಸು ನಿಮ್ಮದು, ಡಾಕ್ಟ್ರೇ. ಮೂರು ದಿನದಿಂದ ಕಾಯ್ತಾ ಇದೆ."

ಡಾಕ್ಟರು ಎದೆ ಕೇಳಿ ಮುಖ ಗಂಭೀರ ಮಾಡಿದರು, ಕಾಗದಕ್ಕೆ ಸಹಿ ಹಾಕಿದರು. ಇನ್ನೂ ಐದು ಮನೆಗೆ ಹೋಗಬೇಕಂತೆ. ಚಹಾ ನಿಂತೇ ಕುಡಿದರು, ಅದೂ ಅರ್ಧ. ಉಳಿದರ್ಧವನ್ನು ಲಾರೂಸಿ ಸಂಜೆಯವರೆಗೆ ಚೆಲ್ಲಲಿಲ್ಲ.

ಹನ್ನೊಂದನೇ ದಿನ ಕೆಲಸಕ್ಕೆ ಹೋದಾಗ ಸಾಲ್ಹಾ ಕಾಗದ ಮುಂದಿಟ್ಟಳು. ಹತ್ತು ದಿನವೂ ವಾಪಸು ಬಂದಿತ್ತು. ಮುಂದಿನ ಹುಣ್ಣಿಮೆಗೆ ತೋಜರ್‌ಗೆ ಹೋಗಬಹುದು.

"ಕಾಯಿಲೇನೇ ಬಂದಿಲ್ಲ ಅಂತ ಇನ್ಮೇಲೆ ಜಂಬ ಕೊಚ್ಚಲ್ಲ ತಾನೇ, ಕಾಕಾ?"

"ಕೊಚ್ಚಲ್ಲ, ಮಗಳೇ," ಎಂದು ಲಾರೂಸಿ ಸಹಿ ಹಾಕಿದ. "ಕಾಯಿಲೆ ಬಿದ್ದಾಗ ಬದುಕಿದಾನಾ ಅಂತ ನೋಡೋಕೆ ಮೂರೇ ದಿನಕ್ಕೆ ಬಂದ್ರಿ. ಗಟ್ಟಿಮುಟ್ಟಾಗಿದ್ದ ಇಪ್ಪತ್ತೊಂಬತ್ತು ವರ್ಷ ಯಾರು ಬಂದಿದ್ರಿ?"